ಬೋನಾಳ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಯಾಕೆ, ಹೇಗೆ ಬರುತ್ತವೆ?

ಚಳಿಗೆ ಹೆದರಿ ಬರುತ್ತವೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಮುಖ್ಯ ಕಾರಣ ಹೊಟ್ಟೆಪಾಡು. ಚಳಿಗಾಲದಲ್ಲಿ ಮಂಗೋಲಿಯಾ, ಟಿಬೆಟ್ ಕಡೆ ಕೆರೆಗಳು ಹೆಪ್ಪುಗಟ್ಟುತ್ತವೆ, ಮೇವು ಸಿಗುವುದಿಲ್ಲ. ಅದೇ ಹೊತ್ತಿಗೆ ನಮ್ಮ ಸುರಪುರದ ಬೋನಾಳ ಕೆರೆಯಲ್ಲಿ ನೀರು, ಸುತ್ತಲಿನ ಹೊಲಗಳಲ್ಲಿ ಕಾಳುಕಡಿ ಇರುತ್ತದೆ.

ಆದರೆ ನಡುವೆ ಹಿಮಾಲಯ ಇದೆಯಲ್ವಾ? ಇವುಗಳ ರಕ್ತ ತೆಳು ಗಾಳಿಯಿಂದಲೂ ಆಮ್ಲಜನಕವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. 7,000 ಮೀಟರ್ ಮೀರಿ ಹಾರಿದ ದಾಖಲೆಯೂ ಇದೆ. ಹಾಗಂತ ಸುಮ್ನೆ ಎತ್ತರದಲ್ಲೇ ಹಾರುತ್ತಾ ಇರುವುದಿಲ್ಲ. ಬೆಟ್ಟ ಏರಿದಂತೆ ಏರುತ್ತವೆ, ಕಣಿವೆ ಬಂದರೆ ಇಳಿಯುತ್ತವೆ. ಹಾಗೆ ಮಾಡಿದರೆ ಶಕ್ತಿ ಉಳಿಯುತ್ತದೆ. ನನಗಂತೂ ಈ ಜಾಣತನವೇ ದೊಡ್ಡ ಬೆರಗು. ರಾತ್ರಿ ತಂಪು ಗಾಳಿ ದಟ್ಟವಾಗಿರುವುದರಿಂದ ಆಗ ಹಾರುವುದು ಸಲೀಸು. ಮರಿಗಳು ಹಿರಿಯ ಹಕ್ಕಿಗಳ ಜೊತೆ ಹಾರುತ್ತಲೇ ದಾರಿ ಕಲಿಯುತ್ತವೆ.

ಬೆಳೆದ ಹಕ್ಕಿಯ ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ ಇರುತ್ತವೆ, ಅದೇ ಗುರುತು.