ಹೊಸ ಕಾಯಿಲೆ ಸುದ್ದಿ ಬಂದಾಗ ಪ್ರಯಾಣ ಹೋಗೋದಾ, ಬೇಡ್ವಾ?

ಪ್ರಶ್ನೆ: ಡಾಕ್ಟ್ರೇ, ನಮ್ದು ದಾವಣಗೆರೆ. 2020ರ ಮಾರ್ಚಲ್ಲಿ ಬೆಂಗಳೂರಲ್ಲೊಂದು ಮದುವೆ ಇತ್ತು, ರೈಲಲ್ಲಿ ಯಾರ್ಯಾರು ಬಂದಿರ್ತಾರೋ ಅಂತ ನಮ್ಮೆಜಮಾನ್ರು ಟಿಕೆಟ್ ಕ್ಯಾನ್ಸಲ್ ಮಾಡ್ಸಿ, ಹದಿಮೂರು ಜನ ಒಂದೇ ಟೆಂಪೋ ಟ್ರಾವೆಲರಲ್ಲಿ ಎಸಿ ಹಾಕ್ಕೊಂಡು ಹೋದ್ವಿ. ಮೈದುನ ದಾರಿ ಪೂರ್ತಿ ಕೆಮ್ಮಿದ್ರೂ ಯಾರೂ ಏನೂ ಅನ್ಲಿಲ್ಲ, ಹಿರಿಯೂರ ಹತ್ರ ಡಾಬಾದಲ್ಲಿ ಸಪ್ಲೈಯರ್ ಒಂದ್ಸಲ ಕೆಮ್ಮಿದ್ದಕ್ಕೆ ಎಲ್ರೂ ಎದ್ದು ಹೊರಟ್ವಿ. ಈಗ ಟಿವಿಯಲ್ಲಿ ಹೊಸ ವೈರಸ್ ಅಂದ್ರೆ ಸಾಕು ಇವರು ಎಲ್ಲಿಗೂ ಬೇಡ ಅಂತಾರೆ, ಅತ್ತೆ ಹಣೇಲಿ ಬರೆದಂಗಾಗುತ್ತೆ ನಡೀರಿ ಅಂತಾರೆ. ಯಾರ ಮಾತು ಕೇಳ್ಲಿ?

ಉತ್ತರ: ತಾಯಿ, ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಸಪ್ಲೈಯರ್ ಕೆಮ್ಮು ಒಂದು ನಿಮಿಷದ್ದು, ಮೈದುನಂದು ಗಾಜು ಮುಚ್ಚಿದ ಗಾಡೀಲಿ ಐದಾರು ಗಂಟೇದು. ಆದ್ರೂ ನಮ್ಮವರ ಕೆಮ್ಮು ಬರೀ ಶೀತ, ಬೇರೆಯವರದ್ದು ರೋಗ ಅನ್ಸುತ್ತೆ. ಪಾಲ್ ಸ್ಲೋವಿಕ್ ಅನ್ನೋ ಮನಶ್ಶಾಸ್ತ್ರಜ್ಞರು 1987ರಲ್ಲೇ ಬರೆದಿದ್ರು, ಜನ ಅಪಾಯ ಅಳೆಯೋದು ಬರೀ ಸಾವಿನ ಲೆಕ್ಕದಿಂದಲ್ಲ, ಅದು ಎಷ್ಟು ಭಯ ಹುಟ್ಟಿಸುತ್ತೆ, ಎಷ್ಟು ಹೊಸದು ಅನ್ನೋದ್ರಿಂದ ಅಂತ. 2020ರ ಜನವರಿ 30ಕ್ಕೆ ಕೇರಳದಲ್ಲಿ ದೇಶದ ಮೊದಲ ಕೋವಿಡ್ ಕೇಸ್ ಬಂದಾಗ ಇಲ್ಲಿ ಯಾರೂ ಅಲುಗಾಡ್ಲಿಲ್ಲ. ಮಾರ್ಚ್ 10ಕ್ಕೆ ಕಲಬುರಗಿಯಲ್ಲಿ ಸೌದಿಯಿಂದ ಬಂದಿದ್ದ 76 ವರ್ಷದ ಹಿರಿಯರು ತೀರಿಕೊಂಡ್ರು, ದೇಶದ ಮೊದಲ ಕೋವಿಡ್ ಸಾವು ಅದು, ಆಗ ನಮ್ಮೂರಿಗೂ ಭಯ ಬಂತು. ವೈರಸ್ ಅದೇ, ದೂರ ಮಾತ್ರ ಕಮ್ಮಿ ಆಗಿತ್ತು.

ಆಗ ನಾನು ಚಿತ್ರದುರ್ಗದಲ್ಲಿ ಸ್ಕ್ರೀನಿಂಗ್ ಡ್ಯೂಟಿಯಲ್ಲಿದ್ದೆ. ಬೆಂಗಳೂರಿಂದ ಬಂದ ಒಬ್ಬ ಹುಡುಗನ ಹಣೆಗೆ ಥರ್ಮಲ್ ಗನ್ ಹಿಡಿದ್ರೆ ನಾರ್ಮಲ್, ಆದ್ರೆ ಕಣ್ಣು ಕೆಂಪಗಿತ್ತು, ಅಂಗಿ ಜೇಬಲ್ಲಿ ಪ್ಯಾರಾಸಿಟಮಾಲ್ ಸ್ಟ್ರಿಪ್ ಇಣುಕ್ತಿತ್ತು, ಎರಡು ಮಾತ್ರೆ ಖಾಲಿ. ಯಾಕಪ್ಪಾ ಅಂದ್ರೆ, ಸಾರ್ ಕೈಗೆ ಕ್ವಾರಂಟೈನ್ ಸೀಲ್ ಹೊಡೆದ್ರೆ ಊರಲ್ಲಿ ಅವ್ವನ್ನ ಯಾರೂ ಬಾವಿ ಹತ್ರ ಸೇರಿಸಲ್ಲ ಅಂದ. ಅವನಿಗೆ ಜ್ವರದ ಭಯ ಇರ್ಲಿಲ್ಲ, 14 ದಿನದ ಕೂಲಿ ತಪ್ಪೋದು, ಜನ ಬೆರಳು ತೋರ್ಸೋದು, ಅದರ ಭಯ. ಆ ಹುಡುಗನ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ, ಪ್ರಯಾಣಿಕರ ಭಯ ಬರೀ ರೋಗದ್ದು ಅಂದ್ಕೊಂಡು ನಿಯಮ ಮಾಡಿದ್ರೆ ಹಿಂಗೇ ಮುಚ್ಚಿಡ್ತಾರೆ. ಮುಚ್ಚಿಡದೇ ಇದ್ದವರೂ ಸಿಗ್ತಿರ್ಲಿಲ್ಲ ಅನ್ನೋದು ಬೇರೆ ಮಾತು, ಸೋಂಕು ತಗುಲಿ ಲಕ್ಷಣ ಕಾಣೋಕೆ ಸಾಮಾನ್ಯವಾಗಿ ಐದಾರು ದಿನ, ಕೆಲವರಿಗೆ 14 ದಿನದವರೆಗೂ ಬೇಕಿತ್ತು, ಲಕ್ಷಣ ಬರೋ ಮುಂಚೇನೇ ಬೇರೆಯವರಿಗೆ ಹರಡ್ತಿತ್ತು.

ಇನ್ನು ಯಜಮಾನ್ರಿಗೆ ಹೇಳಿ, ಸುದ್ದಿ ಬಂದ ತಕ್ಷಣ ಟಿಕೆಟ್ ಕ್ಯಾನ್ಸಲ್ ಮಾಡೋ ಬದ್ಲು ಅದು ಹರಡೋದು ಹೆಂಗೆ ಅಂತ ಮೊದ್ಲು ತಿಳ್ಕೊಳ್ಳಿ ಅಂತ. ಗಾಳೀಲಿ ಹರಡೋದಾದ್ರೆ ಕಿಟಕಿ ತೆಗೆದ ಕೆಂಪು ಬಸ್ಸು ನಿಮ್ಮ ಎಸಿ ಗಾಡಿಗಿಂತ ಎಷ್ಟೋ ವಾಸಿ. ನಿಪಾ ಥರದ್ದು ಮನುಷ್ಯರಿಂದ ಮನುಷ್ಯರಿಗೆ ಬರೋದು ರೋಗಿಯ ತೀರಾ ಹತ್ರ ಇದ್ದವರಿಗೆ, ಅದಕ್ಕೆ ಇಡೀ ರಾಜ್ಯದ ಪ್ರಯಾಣ ಬಿಡಬೇಕಿಲ್ಲ. ಅತ್ತೆಯವರಿಗೂ ಒಂದು ಮಾತು: ಪಕ್ಕದ ಶಿವಮೊಗ್ಗ ಜಿಲ್ಲೆ ಕಾಡಲ್ಲಿ ಮಂಗನ ಕಾಯಿಲೆ 1957ರಲ್ಲೇ ಗೊತ್ತಾಗಿದೆ, ಉಣುಗು ಕಚ್ಚಿ ಬರೋದು, ಬೇಸಿಗೆಯಲ್ಲಿ ಕಾಡಿಗೆ ಹೋಗೋರು ಅದನ್ನ ಕೇಳೋದೇ ಇಲ್ಲ, ಹಳೇದಲ್ವಾ ಅಂತ. ತುಂಬು ತೋಳಿನ ಅಂಗಿ ಹಾಕ್ಕೊಂಡು, ವಾಪಸ್ ಬಂದು ಬಿಸಿನೀರಲ್ಲಿ ಸ್ನಾನ ಮಾಡಿ ಮೈ ಪೂರ್ತಿ ನೋಡ್ಕೊಳ್ಳೋದಕ್ಕೆ ಹಣೆಬರಹ ಅಡ್ಡ ಬರಲ್ಲ.

ಹೋಗೋದಾ ಬೇಡ್ವಾ ಅನ್ನೋದು ಮನೇಲಿ ಯಾರಿದ್ದಾರೆ ಅನ್ನೋದ್ರ ಮೇಲೂ ಇದೆ. ಅತ್ತೆಗೆ ಶುಗರ್, ಬಿಪಿ ಇದ್ರೆ ನೀವು ವಾಪಸ್ ಬಂದ ಮೇಲೆ ಒಂದು ವಾರ ಬೇರೆ ರೂಮಲ್ಲಿ ಮಲಗೋಕಾಗುತ್ತಾ ನೋಡಿ, ಆಗಲ್ಲ ಅಂದ್ರೆ ಅಂಥ ಮದುವೆಗೆ ಮುಯ್ಯಿ ಕಳ್ಸಿ ಸುಮ್ಮನಿರಿ.

ಪ್ರಶ್ನೆ: ಬಸ್ಸಲ್ಲಿ ನಾನೊಬ್ಳೇ ಮಾಸ್ಕ್ ಹಾಕಿದ್ರೆ ಏನು ಪ್ರಯೋಜನ? ಎಲ್ರೂ ನೋಡ್ತಾರೆ. — ಚಳ್ಳಕೆರೆ ಓದುಗರು

ಉತ್ತರ: ಎನ್95 ಮಾಸ್ಕ್ ಮೂಗಿನ ಹತ್ರ ಗ್ಯಾಪ್ ಇಲ್ದಂಗೆ ಕೂತ್ರೆ ಉಳಿದವರು ಹಾಕದೇ ಇದ್ರೂ ನಿಮಗೆ ರಕ್ಷಣೆ ಇದೆ, ಗಲ್ಲದ ಮೇಲೆ ಇಳಿಸ್ಕೊಂಡ್ರೆ ಇಲ್ಲ. ನೋಡೋರು ನೋಡ್ಲಿ ಬಿಡಮ್ಮ, ಚಳ್ಳಕೆರೆ ಬರೋ ಹೊತ್ತಿಗೆ ಮರೀತಾರೆ.