ಮ್ಯಾಕ್ಯುಲಾ ಹಾಳಾದವರಿಗೆ ಭೂತಗನ್ನಡಿಯಲ್ಲೂ ಓದಲು ಆಗುತ್ತಿಲ್ಲ, ಯಾಕೆ?

ತಂದೆಯವರಿಗೆ 56 ವರ್ಷ, ತಾಲ್ಲೂಕು ಕಚೇರಿಯಲ್ಲಿ ಎಫ್‌ಡಿಎ, ಎರಡೂ ಕಣ್ಣಿನ ಮ್ಯಾಕ್ಯುಲಾ ಹಾಳಾಗಿದೆ, ದೊಡ್ಡ ಭೂತಗನ್ನಡಿ ತಂದುಕೊಟ್ಟರೂ ಕಡತ ಓದಲು ಆಗುತ್ತಿಲ್ಲ, ರಾಜೀನಾಮೆ ಕೊಡುತ್ತೇನೆ ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ರಾಜೀನಾಮೆ ಮಾತ್ರ ದಯವಿಟ್ಟು ಬೇಡ. ಸೇವೆಯಲ್ಲಿದ್ದಾಗ ಅಂಗವಿಕಲತೆ ಬಂದ ಸರ್ಕಾರಿ ನೌಕರರನ್ನು ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತೆಯೂ ಇಲ್ಲ ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಹೇಳುತ್ತದೆ. ಈಗಿನ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ಬದಲಿಸಬಹುದು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಈಗಲೇ ಅರ್ಜಿ ಹಾಕಿ.

ಇನ್ನು ಭೂತಗನ್ನಡಿ. ಮ್ಯಾಕ್ಯುಲಾ ಎಂದರೆ ಅಕ್ಷಿಪಟಲದ ನಟ್ಟನಡುವಿನ ಚಿಕ್ಕ ಜಾಗ. ಓದುವುದು, ಮುಖ ಗುರುತಿಸುವುದು ಅದರ ಕೆಲಸ. ಅದು ಹೋದಾಗ ನೇರ ನೋಡಿದ್ದೇ ಮಾಯವಾಗುತ್ತದೆ, ಅಂಚಿನ ನೋಟ ಉಳಿದಿರುತ್ತದೆ. ಹಾಗಾಗಿ ಮೊದಲು ಕಲಿಯಬೇಕಾದ್ದು ಓರೆಯಾಗಿ ನೋಡುವುದನ್ನು. ಲೆನ್ಸ್ ಆಮೇಲಿನ ಮಾತು.

ನೀವು ಅವರ ಎದುರು, ಎರಡಡಿ ದೂರದಲ್ಲಿ ಕೂತುಕೊಳ್ಳಿ. ನಿಮ್ಮ ಮುಖ ಗಡಿಯಾರ ಎಂದುಕೊಂಡು, ತಲೆ ಅಲ್ಲಾಡಿಸದೆ ಕಣ್ಣನ್ನಷ್ಟೇ 12ರತ್ತ, 3, 6, 9ರತ್ತ ಹೊರಳಿಸಲು ಹೇಳಿ. ಯಾವುದೋ ಒಂದು ಕಡೆ ನೋಡಿದಾಗ ನಿಮ್ಮ ಮೂಗು, ಬಾಯಿ ಅವರಿಗೆ ಚೆನ್ನಾಗಿ ಕಾಣುತ್ತದೆ. ಇನ್ನು ಮುಂದೆ ಅವರು ನೋಡಬೇಕಾದ ದಿಕ್ಕು ಅದೇ. ಓದುವಾಗಲೂ ಕಣ್ಣನ್ನು ಅಲ್ಲೇ ನಿಲ್ಲಿಸಿ, ಹಾಳೆಯನ್ನು ಬಲದಿಂದ ಎಡಕ್ಕೆ ಸರಿಸಬೇಕು. ಮೊದಲು ಕ್ಯಾಲೆಂಡರಿನ ದಪ್ಪ ಅಂಕಿ, ಆಮೇಲೆ ಪತ್ರಿಕೆಯ ಶೀರ್ಷಿಕೆ. ಹತ್ತು ನಿಮಿಷಕ್ಕೇ ಕಣ್ಣು ಸೋಲುತ್ತದೆ, ಆದ್ದರಿಂದ ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವೇ ಸಾಕು. ಪಳಗಲು ವಾರಗಳೇ ಬೇಕು.

ಲೆನ್ಸ್ ದೊಡ್ಡದಾದಷ್ಟೂ ಅದರ ಶಕ್ತಿ ಕಡಿಮೆ. ಅಂಗೈ ಅಗಲದ್ದು ಸಾಮಾನ್ಯವಾಗಿ ಎರಡು ಪಟ್ಟಿನ ಆಸುಪಾಸು, ಅಷ್ಟೇ. ಲೆನ್ಸಿನ ಶಕ್ತಿಯ ಅಳತೆಯಾದ ಡಯಾಪ್ಟರನ್ನು 4ರಿಂದ ಭಾಗಿಸಿದರೆ ಎಷ್ಟು ಪಟ್ಟು ಎಂದು ಸಿಗುತ್ತದೆ. 100ನ್ನು ಡಯಾಪ್ಟರಿನಿಂದ ಭಾಗಿಸಿದರೆ ಹಾಳೆಯಿಂದ ಎಷ್ಟು ಸೆಂ.ಮೀ. ಮೇಲೆ ಹಿಡಿಯಬೇಕು ಎಂಬುದು. 20 ಡಯಾಪ್ಟರ್ ಎಂದರೆ 5 ಪಟ್ಟು, 5 ಸೆಂ.ಮೀ. ಲೆನ್ಸನ್ನು ಕಣ್ಣಿಗೆ ಹತ್ತಿರ ತಂದು, ಹಾಳೆಯನ್ನು ಅದರ ಹತ್ತಿರಕ್ಕೆ ಎತ್ತಿದರೆ ಒಮ್ಮೆಗೆ ಹೆಚ್ಚು ಅಕ್ಷರ ಕಾಣುತ್ತವೆ. ತೋಳುದ್ದ ದೂರ ಹಿಡಿದರೆ ಎರಡು ಮೂರೇ ಅಕ್ಷರ. ಕೈ ನಡುಗುವವರಿಗೆ ಹಾಳೆಯ ಮೇಲೇ ಕೂರುವ, ಎಲ್‌ಇಡಿ ಇರುವ ಸ್ಟ್ಯಾಂಡ್ ಲೆನ್ಸ್ ವಾಸಿ. ಕನ್ನಡಕದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ: ಕೈಲೆನ್ಸಿಗೆ ದೂರದ ಕನ್ನಡಕ, ಸ್ಟ್ಯಾಂಡ್ ಲೆನ್ಸಿಗೆ ಓದುವ ಕನ್ನಡಕ. ಎಷ್ಟು ಪಟ್ಟು ಬೇಕೆಂಬುದನ್ನು ದೃಷ್ಟಿ ಕುಂದಿದವರಿಗಾಗಿ ಇರುವ ಲೋ ವಿಷನ್ ಕ್ಲಿನಿಕ್‌ನಲ್ಲಿ ಅಳೆಸಿಯೇ ಕೊಳ್ಳಿ.

ಟೇಬಲ್ ಲ್ಯಾಂಪನ್ನು ಚೆನ್ನಾಗಿ ಕಾಣುವ ಕಣ್ಣಿನ ಪಕ್ಕಕ್ಕೆ ಇಡಿ, ಬಲ್ಬು ಕಣ್ಣಿಗೆ ಹೊಡೆಯಬಾರದು. ಹಾಳೆಗೂ ದೀಪಕ್ಕೂ ನಡುವಿನ ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಕಿಟಕಿಗೆ ಬೆನ್ನು ಹಾಕಿ ಕೂರಲಿ. ಕಪ್ಪು ರಟ್ಟಿನಲ್ಲಿ 15 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಕಿಂಡಿ ಕತ್ತರಿಸಿ ಸಾಲಿನ ಮೇಲಿಟ್ಟರೆ ಹಾಳೆಯ ಬಿಳಿ ಹೊಳಪು ಅಡಗುತ್ತದೆ, ಸಾಲೂ ತಪ್ಪುವುದಿಲ್ಲ. ದುಡ್ಡೇ ಬೇಡದ ಉಪಾಯ ಇದು.

ಕಂಪ್ಯೂಟರಿನಲ್ಲಿ ವಿಂಡೋಸ್ ಕೀ ಜೊತೆ ಪ್ಲಸ್ ಒತ್ತಿದರೆ ಮ್ಯಾಗ್ನಿಫೈಯರ್ ತೆರೆಯುತ್ತದೆ. ಕಂಟ್ರೋಲ್, ಆಲ್ಟ್, ಐ ಒಟ್ಟಿಗೆ ಒತ್ತಿದರೆ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ. ಉದ್ದದ ಟಿಪ್ಪಣಿಗಳನ್ನು ಕೇಳಿಸಿಕೊಳ್ಳಲು, ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದುವ ಉಚಿತ ತಂತ್ರಾಂಶ ಎನ್‌ವಿಡಿಎ ಇದೆ, ಕನ್ನಡವನ್ನೂ ಓದುತ್ತದೆ. ಆದರೆ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನ ಕಡತಗಳನ್ನು ಅದು ಇಂಗ್ಲಿಷ್ ಅಕ್ಷರಗಳೆಂದು ತಿಳಿದು ಏನೇನೋ ಗೊಣಗುತ್ತದೆ. ಅವನ್ನು ಕಂಪ್ಯೂಟರು ಕನ್ನಡವೆಂದೇ ಗುರುತಿಸುವ ಯೂನಿಕೋಡಿಗೆ ಪರಿವರ್ತಿಸಬೇಕು. ಸಹೋದ್ಯೋಗಿಗಳೂ ಯೂನಿಕೋಡಿನಲ್ಲೇ ಟೈಪ್ ಮಾಡುವಂತೆ ಮೇಲಧಿಕಾರಿಗೆ ಲಿಖಿತವಾಗಿ ಕೇಳಿ.

ನೆಟ್ಟಗಿನ ಬಾಗಿಲ ಚೌಕಟ್ಟು ಹೊಸದಾಗಿ ಡೊಂಕಾಗಿ ಕಂಡರೆ ಒಂದೆರಡು ದಿನದೊಳಗೆ ರೆಟಿನಾ ವೈದ್ಯರ ಹತ್ತಿರ ಹೋಗಬೇಕು. ಅಕ್ಷಿಪಟಲದ ಅಡಿ ರಕ್ತನಾಳ ಸೋರುತ್ತಿರಬಹುದು, ಅದಕ್ಕೆ ಇಂಜೆಕ್ಷನ್ ಇದೆ, ತಡವಾದರೆ ಫಲ ಕಡಿಮೆ.

ಕೊನೆಯದಾಗಿ, ಇಲ್ಲದ ಮನುಷ್ಯರು, ಹೂಬಳ್ಳಿ, ಜಾಲರಿ ಕಂಡಂತಾಗುತ್ತದೆಯೇ ಎಂದು ಅಪ್ಪನನ್ನು ಮೆಲ್ಲಗೆ ವಿಚಾರಿಸಿ. ದೃಷ್ಟಿ ಕಳೆದುಕೊಂಡ ಎಷ್ಟೋ ಜನರಿಗೆ ಹೀಗಾಗುತ್ತದೆ. ಕಣ್ಣಿನಿಂದ ಸುದ್ದಿ ಬರದಿದ್ದಾಗ ಮೆದುಳು ತಾನೇ ಚಿತ್ರ ಕಟ್ಟುತ್ತದೆ, ಇದನ್ನು ಚಾರ್ಲ್ಸ್ ಬಾನೆಟ್ ಸಿಂಡ್ರೋಮ್ ಎನ್ನುತ್ತಾರೆ. ವೈದ್ಯರಿಗೆ ತಿಳಿಸಿ, ಆದರೆ ಇದು ಬುದ್ಧಿಭ್ರಮಣೆಯಲ್ಲ. ಹುಚ್ಚು ಅಂದಾರು ಎಂಬ ಭಯಕ್ಕೆ ಅವರಾಗಿ ಬಾಯಿ ಬಿಡಲಾರರು, ನೀವೇ ಕೇಳಬೇಕು.