ಗೋಡೋ ಯಾರು, ಮೇಡಂ?

ಪ್ರಶ್ನೆ: ಮೇಡಂ, ನಮ್ಮದು ಹಾಸನದ ಕಾಲೇಜು ಹುಡುಗಿಯರ ನಾಟಕ ತಂಡ. ಸ್ಯಾಮ್ಯುಯೆಲ್ ಬೆಕೆಟ್ ಅವರ ‘ವೇಟಿಂಗ್ ಫಾರ್ ಗೋಡೋ’ ನಾಟಕವನ್ನು ಕನ್ನಡದಲ್ಲಿ ಆಡಬೇಕು ಅಂತ ಆಸೆ. ಎಷ್ಟು ಓದಿದರೂ ಗೋಡೋ ಯಾರು ಅಂತ ಗೊತ್ತಾಗುತ್ತಿಲ್ಲ. ಹಾಸನಾಂಬ ಕಲಾಕ್ಷೇತ್ರಕ್ಕೆ ಬರುವ ನಮ್ಮ ಅಪ್ಪ ಅಮ್ಮಂದಿರಿಗೆ ಅರ್ಥ ಆಗುತ್ತಾ?
– ಬಿ.ಎ. ವಿದ್ಯಾರ್ಥಿನಿ, ಹಾಸನ

ಉತ್ತರ: ಈ ಪ್ರಶ್ನೆಯನ್ನು ಬೆಕೆಟ್ ಅವರಿಗೇ ಕೇಳಿದ್ದರು. ಗೊತ್ತಿದ್ದರೆ ನಾಟಕದಲ್ಲೇ ಹೇಳಿರುತ್ತಿದ್ದೆ ಅಂದುಬಿಟ್ಟರು. ನೀವೂ ಗೋಡೋನನ್ನು ಬಿಡಿ, ಅವನಿಗಾಗಿ ಕಾಯುತ್ತಿರುವ ಇಬ್ಬರನ್ನು ನೋಡಿ. ಒಬ್ಬ ಬೂಟು ಬಿಚ್ಚಲಾಗದೆ ಒದ್ದಾಡುತ್ತಾನೆ. ಅವನಿಗೆ ಹಸಿವು, ಕ್ಯಾರೆಟ್ ಬೇಕು. ಇನ್ನೊಬ್ಬ ಜೇಬು ತಡಕಾಡಿ ಕೊಟ್ಟದ್ದು ಟರ್ನಿಪ್ ಗೆಡ್ಡೆ, ಮತ್ತೆ ತಡಕಾಡಿದ ಮೇಲೆ ಒಂದು ಕ್ಯಾರೆಟ್ ಸಿಗುತ್ತದೆ. ಇದು ಯಾರಿಗೆ ಅರ್ಥ ಆಗಲ್ಲ ಹೇಳಿ?

ಕಾಯುವುದು ಅಂದರೆ ಏನು ಅಂತ ಬೆಕೆಟ್ ಎರಡನೇ ಮಹಾಯುದ್ಧದಲ್ಲಿ ಕಂಡಿದ್ದರು. 1906ರಲ್ಲಿ ಡಬ್ಲಿನ್ ಹತ್ತಿರದ ಫಾಕ್ಸ್‌ರಾಕ್‌ನಲ್ಲಿ ಹುಟ್ಟಿದವರು, ಆಮೇಲೆ ಪ್ಯಾರಿಸ್‌ನಲ್ಲಿ ನೆಲೆಸಿದರು. ಐರ್ಲೆಂಡ್ ಯುದ್ಧಕ್ಕೇ ಇಳಿದಿರಲಿಲ್ಲ, ಹಾಗಾಗಿ ಸುಮ್ನೆ ಇದ್ದುಬಿಡಬಹುದಿತ್ತು. ಆದರೆ ಜರ್ಮನ್ನರ ವಿರುದ್ಧದ ಗುಪ್ತ ತಂಡ ಸೇರಿ, ಬಂದ ಸುದ್ದಿಗಳನ್ನು ಇಂಗ್ಲಿಷಿಗೆ ತಂದು ಟೈಪ್ ಮಾಡಿ ಕೊಡುತ್ತಿದ್ದರು. 1942ರಲ್ಲಿ ಯಾರೋ ತಂಡವನ್ನು ಹಿಡಿದುಕೊಟ್ಟರು. ಗೆಳೆಯ ಆಲ್ಫ್ರೆಡ್ ಪೆರೋನ್ ಸಿಕ್ಕಿಬಿದ್ದರು, 1945ರಲ್ಲಿ ಬಿಡುಗಡೆಯಾದರೂ ಮನೆ ಸೇರುವ ಮೊದಲೇ ತೀರಿಕೊಂಡರು. ಬೆಕೆಟ್ ಮತ್ತು ಅವರ ಸಂಗಾತಿ ಸುಝಾನ್ ತಪ್ಪಿಸಿಕೊಂಡು ದಕ್ಷಿಣ ಫ್ರಾನ್ಸ್‌ನ ರೂಸಿಯೋಂ ಅನ್ನೋ ಹಳ್ಳಿ ಸೇರಿ, ಅಲ್ಲಿನ ರೈತರ ಹೊಲದಲ್ಲಿ ಕೆಲಸ ಮಾಡುತ್ತಾ ಯುದ್ಧ ಮುಗಿಯಲಿ ಅಂತ ಕಾದರು. ನಾಟಕದ ಫ್ರೆಂಚ್ ಮೂಲದಲ್ಲಿ ಆ ಹಳ್ಳಿಯಲ್ಲಿ ದ್ರಾಕ್ಷಿ ಕೊಯ್ದ ನೆನಪು ಹೆಸರು ಸಮೇತ ಬರುತ್ತದೆ.

ಅರ್ಥ ಆಗುತ್ತಾ ಅನ್ನೋ ಭಯಕ್ಕೆ ಒಂದು ಮಾತು. 1957ರಲ್ಲಿ ಅಮೆರಿಕದ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಇದನ್ನು ಆಡಿದಾಗ ಸುಮಾರು 1,400 ಕೈದಿಗಳು ಮೈಯೆಲ್ಲಾ ಕಿವಿಯಾಗಿ ಕೂತು ನೋಡಿದರು. ನಿಮ್ಮ ಅಪ್ಪ ಅಮ್ಮಂದಿರೂ ನೋಡುತ್ತಾರೆ, ನನಗೆ ಅನುಮಾನವೇ ಇಲ್ಲ.

ನಿಮಗಿರುವ ತೊಡಕು ಬೇರೆ. 1988ರಲ್ಲಿ ನೆದರ್ಲೆಂಡ್ಸ್‌ನ ಒಂದು ತಂಡ ಹೆಂಗಸರಿಂದ ಗೋಡೋ ಆಡಿಸಲು ಹೊರಟಾಗ ಬೆಕೆಟ್ ಒಪ್ಪಲಿಲ್ಲ, ವಿಷಯ ಕೋರ್ಟಿಗೆ ಹೋಯಿತು. ಅಲ್ಲಿ ತೀರ್ಪು ತಂಡದ ಪರ ಬಂದದ್ದಕ್ಕೆ ಆ ದೇಶದಲ್ಲೇ ತಮ್ಮ ನಾಟಕ ಆಡಬಾರದು ಅಂತ ಹಟ ಹಿಡಿದರು. ಅವರ ಈ ಹಟ ನನಗೆ ಸರಿ ಕಾಣಲ್ಲ. ಆದರೆ ಅವರು ತೀರಿಕೊಂಡದ್ದು 1989ರಲ್ಲಿ, ನಮ್ಮ ಕಾನೂನಿನಲ್ಲಿ ಲೇಖಕರು ಹೋಗಿ 60 ವರ್ಷದ ತನಕ ಹಕ್ಕು ಉಳಿಯುತ್ತದೆ, ಅನುವಾದಕ್ಕೂ ಪ್ರದರ್ಶನಕ್ಕೂ ಒಪ್ಪಿಗೆ ಬೇಕು.

ಅದಕ್ಕೇ ನಾನು ಹೇಳೋದು, ಬೆಕೆಟ್ ಅವರದ್ದೇ ‘ಕಮ್ ಆ್ಯಂಡ್ ಗೋ’ ಓದಿ. ಮೂವರು ಹೆಂಗಸರು, ಒಂದು ಬೆಂಚು, ಕೆಲವೇ ನಿಮಿಷದ ನಾಟಕ. ಉದ್ದ ಕೋಟು, ಮುಖ ಮರೆಯಾಗುವ ಹ್ಯಾಟು. ಒಬ್ಬಳು ಎದ್ದು ಕತ್ತಲಿಗೆ ಹೋದ ಕೂಡಲೇ ಉಳಿದಿಬ್ಬರು ಅವಳ ಬಗ್ಗೆ ಏನೋ ಪಿಸುಗುಟ್ಟುತ್ತಾರೆ, ಏನು ಅಂತ ನಮಗೆ ಕೇಳಿಸುವುದಿಲ್ಲ, ಹಾಗೆ ಮೂವರದ್ದೂ ಸರದಿ ಬರುತ್ತದೆ. ಕೊನೆಗೆ ಕೈ ಕೈ ಹಿಡಿದು ಕೂತಾಗ ಒಬ್ಬಳು ಉಂಗುರಗಳು ಕೈಗೆ ತಾಗುತ್ತಿವೆ ಅನ್ನುತ್ತಾಳೆ. ಯಾರ ಬೆರಳಲ್ಲೂ ಉಂಗುರ ಕಾಣಬಾರದು ಅಂತ ಬೆಕೆಟ್ ಬರೆದಿದ್ದಾರೆ. ಹಾಲ್ ಬುಕ್ ಮಾಡುವ ಮೊದಲೇ ಇದಕ್ಕೂ ಒಪ್ಪಿಗೆ ಕೇಳಿ ಬರೆಯಿರಿ.

ಪ್ರಶ್ನೆ: ಬೆಕೆಟ್ ಕ್ರಿಕೆಟ್ ಆಡುತ್ತಿದ್ದರಂತೆ, ನಿಜವಾ?
– ಓದುಗ, ಚಿಕ್ಕಮಗಳೂರು

ಉತ್ತರ: ನಿಜ. ಡಬ್ಲಿನ್ ಯೂನಿವರ್ಸಿಟಿ ಪರವಾಗಿ 1925 ಮತ್ತು 1926ರಲ್ಲಿ ನಾರ್ಥಾಂಪ್ಟನ್‌ಶೈರ್ ವಿರುದ್ಧ ಪ್ರಥಮ ದರ್ಜೆ ಪಂದ್ಯ ಆಡಿದರು. ಎರಡೂ ಸೇರಿ 35 ರನ್. ಸಾಹಿತ್ಯದ ನೊಬೆಲ್ ಬಂದದ್ದು 1969ರಲ್ಲಿ. ನೊಬೆಲ್ ಪಡೆದವರಲ್ಲಿ ಪ್ರಥಮ ದರ್ಜೆ ಕ್ರಿಕೆಟ್ ಆಡಿದವರು ಇವರೊಬ್ಬರೇ.